ಈರಪ್ಪಣ್ಣನ ಐದನೇ ಆಟ

ಟೇಲರ್ ಈರಪ್ಪಣ್ಣನ ತುಟಿಯಲ್ಲಿ ಸದಾ ಎರಡು ಗುಂಡುಪಿನ್ನು. ಅಕ್ಕಿಆಲೂರಿನ ಅವರ ಅಂಗಡಿಯಲ್ಲಿ ಹನ್ನೊಂದು ವರ್ಷ ಅವರೊಡನೆ ಚೆಸ್ ಆಡಿದ್ದೇನೆ. ಪಿನ್ನು ಬಾಯಿಂದ ಹೊರಬಂತೆಂದರೆ ನಾನು ಏನೋ ಎಡವಟ್ಟು ಮಾಡಿದ್ದೇನೆ ಎಂದೇ ಅರ್ಥ.

"ಮಾಸ್ತರ, ಆ ಕುದರಿ ಏನ್ ಪಾಪ ಮಾಡೇತ್ರಿ? ಒಯ್ದು ಬಾವ್ಯಾಗ ಹಾಕಾಕತ್ತೀರಲ್ಲ!"

ನಾನು ಗಣಿತದ ಮಾಸ್ತರ. ಬ್ಲೌಸು ಒಯ್ಯಲು ಬಂದ ಹೆಣ್ಣುಮಕ್ಕಳು ಮುಸಿಮುಸಿ ನಗುತ್ತಿದ್ದರು. ಹನ್ನೊಂದು ವರ್ಷದಲ್ಲಿ ಒಮ್ಮೆಯೂ ಈರಪ್ಪಣ್ಣನನ್ನು ಸೋಲಿಸಲಿಲ್ಲ.

ಈರಪ್ಪಣ್ಣನಿಗೆ ಇದ್ದದ್ದು ಒಂದೇ ಆಸೆ: ಅಂತರರಾಷ್ಟ್ರೀಯ ರೇಟಿಂಗ್ ಪಟ್ಟಿಯಲ್ಲಿ ತಮ್ಮ ಹೆಸರು ನೋಡಬೇಕು. ಅದಕ್ಕೆ ರೇಟಿಂಗ್ ಇದ್ದವರ ಎದುರು ಐದು ಆಟ ಆಡಬೇಕು. ಒಂದೇ ದಿನ ಆಗಬೇಕೆಂದಿಲ್ಲ, ನಮ್ಮ ತಾಲ್ಲೂಕುಗಳ ಲೀಗಿನಲ್ಲಿ ರವಿವಾರಕ್ಕೊಂದರಂತೆ ಕೂಡಿಸಿಕೊಳ್ಳಬಹುದು. ಆದರೆ ಶಿಗ್ಗಾಂವಿ, ಸವಣೂರು, ಹಿರೇಕೆರೂರು ಜಾಲಾಡಿದರೂ ರೇಟಿಂಗ್ ಇದ್ದವರು ತಂಡಕ್ಕೊಬ್ಬರು. ಅವರು ಕೂರುವುದು ಮೊದಲ ಬೋರ್ಡಿಗೆ, ಆಡುವುದು ಎದುರು ತಂಡದ ಮೊದಲ ಬೋರ್ಡಿನವರೊಡನೆ ಮಾತ್ರ. ನಮ್ಮ ಹಾನಗಲ್ ತಂಡದ ನಾಯಕ ಈರಪ್ಪಣ್ಣ. ಮೊದಲ ಬೋರ್ಡಿನ ಕುರ್ಚಿ ಅವರದೇ ಆಗಬೇಕಿತ್ತು. ಅಲ್ಲಿ ನನ್ನನ್ನು ಕೂರಿಸಿದರು.

"ನೀವು ಸಣ್ಣಾವ್ರು. ಮೊದಲ ನಿಮಗಾಗ್ಲಿ."

ಲೀಗಿನ ಮೊದಲ ವರ್ಷ ಆಡಿದ್ದೆಲ್ಲ ಸೋತೆ. ಮೊದಲ ಸಲವೇ ಪೂರ್ತಿ ಸೊನ್ನೆ ತೆಗೆದರೆ ಆ ಆಟಗಳನ್ನು ಲೆಕ್ಕಕ್ಕೆ ಹಿಡಿಯುವುದೇ ಇಲ್ಲವಂತೆ. ನನ್ನ ಸೋಲಿಗೂ ಕಿಮ್ಮತ್ತಿರಲಿಲ್ಲ! ಎರಡನೇ ವರ್ಷವೂ ಈರಪ್ಪಣ್ಣ ನನ್ನನ್ನೇ ಕೂರಿಸಿದರು. ಎದುರಿನವರೊಬ್ಬರ ಫೋನು ಆಟದ ನಡುವೆ ರಿಂಗಾಗಿ, ನಿಯಮದಂತೆ ಅವರು ಸೋತರು. ಇನ್ನೊಬ್ಬರು ಊಟಕ್ಕೆ ಅವಸರವಾಗಿ ಡ್ರಾ ಕೊಟ್ಟರು. ನನಗೆ ರೇಟಿಂಗ್ ಬಂತು, ಹೆಚ್ಚೂಕಡಿಮೆ ಕಟ್ಟಕಡೆಯ ಮೆಟ್ಟಿಲಿನದು. ಪ್ರಿಂಟ್ ತೆಗೆಸಿ ಹೆಂಡತಿಗೆ ತೋರಿಸಿದೆ.

"ಎಷ್ಟಕ್ಕ ಇಷ್ಟು ಮಾರ್ಕ್ಸ್ ಬಂದಾವ್ರಿ?" ಅಂದಳು.

ಮೂರನೇ ವರ್ಷ ನನಗೆ ಹಂಸಭಾವಿಗೆ ವರ್ಗವಾಯಿತು. ಹಿರೇಕೆರೂರು ತಂಡ ಸೇರಿದೆ. ಅವರ ಹಳೆಯ ಆಟಗಾರರು ಊರು ಬಿಟ್ಟಿದ್ದರಿಂದ ಮೊದಲ ಬೋರ್ಡು ನನ್ನ ಕೊರಳಿಗೇ ಬಿತ್ತು. ಅತ್ತ ಈರಪ್ಪಣ್ಣ ಕೊನೆಗೂ ತಮ್ಮ ಕುರ್ಚಿಗೆ ಕೂತು ನಾಲ್ಕು ಆಟ ಮುಗಿಸಿದ್ದರು, ಎರಡು ಗೆದ್ದಿದ್ದರು. ಐದನೆಯದು ಕೊನೆಯ ರವಿವಾರ, ಹಾನಗಲ್ಲಿನಲ್ಲಿ, ನನ್ನ ಎದುರು.

ರೇಟಿಂಗು ನನ್ನ ತಲೆಗೇರಿತ್ತು ನೋಡಿ. ಎಲ್ಲಿ ನಾನು ಗೆದ್ದು ಅವರ ಆಸೆಗೆ ಕಲ್ಲು ಹಾಕುತ್ತೇನೋ ಎಂದು ಭಯ ಹತ್ತಿತು. ಹನ್ನೊಂದು ವರ್ಷ ಒಂದೇ ಸಮನೆ ಸೋತವನಿಗೆ ಈ ಭಯ! ಬೇಕಂತಲೇ ಸೋಲೋಣವೆಂದರೆ ಅವರಿಗೆ ಗೊತ್ತಾಗದೆ ಇರದು. ಹೋಗದೇ ಬಿಟ್ಟರೆ? ಪೂರ್ತಿ ಒಂದು ಪಾಯಿಂಟು ಕೂತಲ್ಲಿಗೇ ಗುರುದಕ್ಷಿಣೆ. ಫೋನ್ ಬಂದ್ ಮಾಡಿ, ಮಿರ್ಚಿ ಮಂಡಕ್ಕಿ ತಿಂದು, ತ್ಯಾಗಮೂರ್ತಿಯಂತೆ ಮಲಗಿಬಿಟ್ಟೆ.

ಆಡದ ಆಟದಿಂದ ತಂಡಕ್ಕೆ ಪಾಯಿಂಟು ಸಿಗುತ್ತದೆ. ರೇಟಿಂಗಿಗೆ ಅದನ್ನು ಹಿಡಿಯುವುದಿಲ್ಲ. ಮಕ್ಕಳಿಗೆ ಪ್ರಶ್ನೆ ಎರಡು ಸಲ ಓದಿ ಎಂದು ಬೊಬ್ಬೆ ಹೊಡೆಯುವ ಈ ಮಾಸ್ತರ ನಿಯಮವನ್ನು ಒಂದು ಸಲವೂ ಓದಿರಲಿಲ್ಲ.

ಮರುದಿನ ತಂಡದವರಿಂದ ಇದು ತಿಳಿದು ಅಂಗಡಿಗೆ ಓಡಿದೆ. "ನೀವು ಗೆಲ್ಲಲಿ ಅಂತ ಬರಲಿಲ್ರಿ, ಈರಪ್ಪಣ್ಣ" ಅಂದೆ. ಅವರು ಮಷೀನು ನಿಲ್ಲಿಸಿದರು.

"ನನ್ನ ಸೋಲಿಸಿದ್ರೂ ನಡೀತಿತ್ರಿ ಮಾಸ್ತರ. ಐದು ಆಟ ಆಗ್ತಿದ್ವು. ಗಡಿಯಾರ ಹಚ್ಚಿ, ಬಾಗಲಾ ನೋಡ್ಕೋತ ಕುಂತಿದ್ನಿ. ನೀವು ಬಂದು ಕುಂತಿದ್ರ ಸಾಕಿತ್ತು."

ಬೈದಿದ್ದರೆ ಹಗುರಾಗುತ್ತಿತ್ತು. ಚಹಾ ತರಿಸಿದರು. "ಇರ್ಲಿ ಬಿಡ್ರಿ, ಮುಂದಿನ ವರ್ಷ ಐತಲ್ಲ."

ಮುಂದಿನ ಲೀಗಿಗೆ ತಿಂಗಳಿರುವಾಗ ಎದೆನೋವು ಬಂದು, ಹಾನಗಲ್ಲಿನ ದವಾಖಾನೆ ಮುಟ್ಟುವಷ್ಟರಲ್ಲಿ ಈರಪ್ಪಣ್ಣ ಹೋಗಿಬಿಟ್ಟರು. ಪಟ್ಟಿಯಲ್ಲಿ ನನ್ನ ಹೆಸರಿದೆ, ಅವರದಿಲ್ಲ. ನೋಡಿದಾಗೆಲ್ಲ ನಾಚಿಕೆಯಾಗುತ್ತದೆ. ಎರಡು ವರ್ಷದ ಆಟವನ್ನು ಅವರು ನನಗೆ ಬಿಟ್ಟುಕೊಟ್ಟರು. ನಾನು ಅವರಿಗೆ ಒಂದು ರವಿವಾರ ಕೊಡಲಿಲ್ಲ.