ದೊಡ್ಡಪ್ಪನ ಪಥ್ಯ, ದೊಡ್ಡಮ್ಮನ ಊಟ

ಸಿಗಡಿ ಸುಲಿದು ಸುಲಿದು ನನ್ನ ದೊಡ್ಡಮ್ಮನ ಹೆಬ್ಬೆರಳಿನ ತುದಿ ಸದಾ ಬಿರಿದಿರುತ್ತಿತ್ತು. ಲಿಂಬೆರಸ ತಾಗಿ ಉರಿದರೆ ಒಮ್ಮೆ ಕೈ ಕೊಡವಿ, ಮತ್ತೆ ಹಿಂಡುತ್ತಿದ್ದರು.

ಕಾಪುವಿನ ಅವರ ಮನೆಯಲ್ಲಿ ತೆಂಗಿನಕಾಯಿ ಅರೆಯದೆ ಮೀನಿನ ಅಡುಗೆ ಆಗುತ್ತಿರಲಿಲ್ಲ. ದೊಡ್ಡಪ್ಪನಿಗೆ ಹೃದಯಕ್ಕೆ ಸ್ಟೆಂಟ್ ಹಾಕಿದ ಮೇಲೆ ಡಾಕ್ಟರು, ಎಣ್ಣೆ, ಕಾಯಿ ಕಡಿಮೆ ಮಾಡಿ ತರಕಾರಿ ಹೆಚ್ಚು ತಿನ್ನಬೇಕೆಂದರು. ದೊಡ್ಡಮ್ಮ ಆ ವಯಸ್ಸಿನಲ್ಲಿ ಹೊಸ ಅಡುಗೆ ಕಲಿತರು. ಚೆನ್ನಾಗಿ ಕಾದ ಬಾಣಲೆಗೆ ಒಂದು ಚಮಚ ಎಣ್ಣೆ, ಜಜ್ಜಿದ ಬೆಳ್ಳುಳ್ಳಿ, ಬೀನ್ಸ್, ಕ್ಯಾರೆಟ್, ದೊಣ್ಣೆಮೆಣಸು. ತರಕಾರಿ ಮೆತ್ತಗಾಗುವ ಮೊದಲೇ ಸಿಗಡಿ, ಕಾಳುಮೆಣಸಿನ ಪುಡಿ. ನಾನು ಮಣಿಪಾಲದಿಂದ ಭಾನುವಾರ ಹೋದಾಗ ನನಗೂ ಕಲಿಸಿದರು.

"ಸಿಗಡಿ ಕೆಂಪಾಗಿ ಮುದುಡಿದ ಕೂಡಲೇ ಇಳಿಸಬೇಕು ಮಗಾ. ಮತ್ತೆ ಬಿಟ್ಟರೆ ರಬ್ಬರೇ."

ದೊಡ್ಡಪ್ಪ ಮೊದಲ ದಿನ ಬಟ್ಟಲು ದೂಡಿದರು. "ಎಂತ ಇದು, ಆಸ್ಪತ್ರೆಯ ಊಟವಾ?"

ದೊಡ್ಡಮ್ಮ ಮರುದಿನ ಸಿಗಡಿಯ ಬದಲು ಬೊಂಡಾಸ್, ಅಂದರೆ ಸ್ಕ್ವಿಡ್, ಹಾಕಿದರು, ಆಮೇಲೆ ಶುಂಠಿ ಸೇರಿಸಿ ನೋಡಿದರು. ಅಂತೂ ಗಂಡ ತಿನ್ನತೊಡಗಿದರು. ಮುಂದಿನ ತಪಾಸಣೆಯಲ್ಲಿ ಎಲ್ಲ ಸರಿಯಾಗಿತ್ತು. "ಕಡಲ ಬದಿ ವಾಕಿಂಗ್ ಮಾಡಿದ್ದರ ಗುಣ" ಎಂದು ದೊಡ್ಡಪ್ಪ ನೆಂಟರಿಗೆಲ್ಲ ಹೇಳಿದರು.

ಅದೇ ಮನೆಯಲ್ಲಿದ್ದ ಅವರ ಮಗನಿಗೆ ಕಾಯಿ ಅರೆದ ಗಟ್ಟಿ ಸಾರು, ಗಸಿಯಿಲ್ಲದೆ ಅನ್ನ ಇಳಿಯದು. ಅದನ್ನು ಬೇರೆಯೇ ಮಾಡಬೇಕು. ಅದರಲ್ಲಿ ಉಳಿದದ್ದೇ ಮರುದಿನ ದೊಡ್ಡಮ್ಮನ ಊಟ. ಅವರಿಗೂ ಬಿಪಿ ಇತ್ತು, ಸಕ್ಕರೆ ಇತ್ತು. ಆ ಮನೆಯಲ್ಲಿ ಅದನ್ನು ಯಾರೂ ಕಾಯಿಲೆಯೆಂದು ಎಣಿಸಿರಲಿಲ್ಲ.

"ನೀವೂ ಈ ಪಥ್ಯದ್ದನ್ನೇ ತಿನ್ನಿ ದೊಡ್ಡಮ್ಮ" ಎಂದೆ.

"ಇದು ಅವರಿಗೆ ಮಾಡಿದ್ದಲ್ವಾ. ನಾನೂ ಇದನ್ನೇ ತಿಂದರೆ ನಿನ್ನೆಯ ಗಸಿ ಯಾರು ತಿನ್ನುವುದು ಮಾರಾಯ್ತಿ?"

ಕಳೆದ ವರ್ಷ ದೊಡ್ಡಮ್ಮ ಅಡುಗೆಮನೆಯಲ್ಲೇ ಕುಸಿದರು. ಪಾರ್ಶ್ವವಾಯು. ಬಲಗೈ ಸ್ವಾಧೀನ ತಪ್ಪಿತು. ನಾನು ಅವರು ಕಲಿಸಿದಂತೆಯೇ ಮಾಡಿ, ತರಕಾರಿ ಮಾತ್ರ ಸ್ವಲ್ಪ ಹೆಚ್ಚು ಬೇಯಿಸಿ, ಡಬ್ಬಿಯಲ್ಲಿ ಒಯ್ದೆ. ನುಣ್ಣಗೆ ಹಿಚುಕಿ ತಿನ್ನಿಸಿದೆ. ತೊದಲುತ್ತ, "ಉಪ್ಪು ಸರಿ ಉಂಟು" ಎಂದರು.

ದೊಡ್ಡಪ್ಪ ಬಾಗಿಲಲ್ಲಿ ನಿಂತಿದ್ದರು. "ನನಗೂ ಸ್ವಲ್ಪ ಉಂಟಾ? ಇವಳು ಮಲಗಿದ ಮೇಲೆ ನನ್ನ ಊಟವೇ ಹಾಳಾಯಿತು."

ದೊಡ್ಡಮ್ಮ ಬಾಯಿ ಮುಚ್ಚಿಕೊಂಡರು. ನಾನು ಹಿಡಿದ ತುತ್ತು ಒಲ್ಲೆನೆಂದು ಮುಖ ತಿರುಗಿಸಿ, ಎಡಗೈಯಿಂದ ಡಬ್ಬಿಯನ್ನು ಗಂಡನ ಕಡೆಗೆ ಸರಿಸಿದರು. ದೊಡ್ಡಪ್ಪ ಅದನ್ನು ಎತ್ತಿಕೊಂಡು ಹೋದರು.

ದೊಡ್ಡಮ್ಮ ಹೆಚ್ಚು ಕಾಲ ಉಳಿಯಲಿಲ್ಲ. ಉತ್ತರಕ್ರಿಯೆಯ ದಿನ ಬೊಜ್ಜದ ಊಟಕ್ಕೆ ಕುಳಿತಾಗ ದೊಡ್ಡಪ್ಪ ಪಕ್ಕದವರಿಗೆ ಹೇಳುತ್ತಿದ್ದರು: "ಎಂತ ಮಾಡುವುದು, ಅವಳಿಗೆ ತನ್ನ ಆರೋಗ್ಯದ ಮೇಲೆ ಗಮನವೇ ಇರಲಿಲ್ಲ."

ಎಲ್ಲರೂ ಹೌದೆಂದು ತಲೆಯಾಡಿಸಿದರು. ಬಡಿಸುವವರು ಇನ್ನೂ ಬರುತ್ತಿದ್ದರು. ನಾನು ಎಲೆ ಮಡಚಿ ಎದ್ದೆ.