ಬರೀ ಬಾಯಿ ಆಡಿಸಿ ಸಾಕು

ನನ್ನ ಕಂಠದ ಬಗ್ಗೆ ನನಗೆ ಬಹಳ ಒಳ್ಳೆಯ ಅಭಿಪ್ರಾಯವಿದೆ. ಊರಿಗೆಲ್ಲ ಈ ಅಭಿಪ್ರಾಯ ಇರುವುದು ನನಗೊಬ್ಬನಿಗೇ ಎಂಬುದು ಕಳೆದ ವರ್ಷ ಕ್ರಿಸ್‌ಮಸ್ ಹಾಡುಗಳ ಪ್ರಾಕ್ಟೀಸಿನಲ್ಲಿ ತಿಳಿಯಿತು. ನಮ್ಮ ಚರ್ಚಿನ ಗಾಯನ ಮಂಡಳಿ ನಡೆಸುವವರು ಫಿಲೋಮಿನಾ ಟೀಚರ್. ಮೈಸೂರಿನ ಶ್ರೀರಾಂಪುರದಲ್ಲಿ ನಮ್ಮ ಎದುರು ಮನೆಯವರು. ಶಾಲೆಯಿಂದ ನಿವೃತ್ತರಾಗಿದ್ದರೂ ಹಾರ್ಮೋನಿಯಂ ಮುಂದೆ ಕೂತರೆ ಇನ್ನೂ ಸರ್ವೀಸಿನಲ್ಲೇ ಇರುತ್ತಾರೆ. ಅಂದು ಹಾಡನ್ನು ಅರ್ಧಕ್ಕೆ ನಿಲ್ಲಿಸಿ, ಕನ್ನಡಕದ ಮೇಲಿನಿಂದ ನನ್ನನ್ನು ನೋಡಿ, "ಅಂತೋಣಿಯವರೇ, ನೀವು ಬರೀ ಬಾಯಿ ಆಡಿಸಿ ಸಾಕು" ಎಂದರು. ಎಲ್ಲರೂ ನಕ್ಕರು. ನನ್ನ ಹೆಂಡತಿಯ ನಗು ಉಳಿದವರಿಗಿಂತ ಚೂರು ಮೊದಲೇ ಶುರುವಾಗಿತ್ತು.

ಅಂದೇ ಗಾಯನ ಮಂಡಳಿ ಬಿಟ್ಟೆ, ಟೀಚರ್ ಜೊತೆ ಮಾತೂ ಬಿಟ್ಟೆ. ಎದುರು ಮನೆಯವರ ಜೊತೆ ಮಾತು ಬಿಡುವುದು ಎಂಥ ಶ್ರಮದ ಕೆಲಸವೆಂದು ಬಿಟ್ಟವರಿಗೇ ಗೊತ್ತು. ಹಾಲು ತರಲು ಹೊರಡುವ ಮುನ್ನ ಪರದೆ ಸರಿಸಿ ನೋಡಬೇಕು. ಟೀಚರ್ ಗುಲಾಬಿ ಗಿಡಕ್ಕೆ ನೀರು ಹಾಕುತ್ತ ಗೇಟಿನ ಹತ್ತಿರ ನಿಂತಿದ್ದರೆ, ಅವರು ಒಳಗೆ ಹೋಗುವವರೆಗೆ ಕಾಯಬೇಕು. ಅವರೋ ಒಳಗೆ ಹೋಗುತ್ತಲೇ ಇರಲಿಲ್ಲ. ಎಷ್ಟೋ ದಿನ ನಮ್ಮ ಮನೆಯಲ್ಲಿ ಕಾಫಿ ತಡವಾಯಿತು. ಪ್ರೀತಿಸುವವರ ಮೇಲೂ ನಾನು ಇಷ್ಟು ನಿಗಾ ಇಟ್ಟವನಲ್ಲ.

ಈ ಕಹಿ ಎಂಬುದು ಎಂಥ ಪದಾರ್ಥವೋ ಎಂದು ನನಗೆ ಕುತೂಹಲ. ಹಾಗಲಕಾಯಿಯ ಕಹಿಗೆ ದಾರಿಯಿದೆ. ಹೆಚ್ಚಿ, ಉಪ್ಪು ಹಾಕಿ, ಸ್ವಲ್ಪ ಹೊತ್ತು ಬಿಟ್ಟು ಹಿಂಡಿದರೆ ಇಳಿಯುತ್ತದೆ. ಮಿಕ್ಕಿದ್ದನ್ನು ಬೆಲ್ಲ, ಹುಣಸೆಹಣ್ಣು ನೋಡಿಕೊಳ್ಳುತ್ತವೆ. ಮನಸ್ಸಿನದು ಹಾಗಲ್ಲ, ಬಿಟ್ಟಷ್ಟೂ ಬಲಿಯುತ್ತದೆ. ನಿಮ್ಮಿಂದ ಸಾಧ್ಯವಾದಷ್ಟು ಎಲ್ಲರೊಂದಿಗೆ ಸಮಾಧಾನದಿಂದ ಬಾಳಿ ಎಂದು ಫಾದರ್ ಆಗಾಗ ಪ್ರಸಂಗದಲ್ಲಿ ಹೇಳುತ್ತಾರೆ. ನಾನು ಆ 'ಸಾಧ್ಯವಾದಷ್ಟು' ಎಂಬುದನ್ನೇ ಗಟ್ಟಿಯಾಗಿ ಹಿಡಿದುಕೊಂಡೆ. ನನ್ನಿಂದ ಸಾಧ್ಯವಾಗಲಿಲ್ಲವಲ್ಲ, ಅಲ್ಲಿಗೆ ಮುಗಿಯಿತು. ಭಾನುವಾರದ ಪೂಜೆಯಲ್ಲಿ ಪರಮಪ್ರಸಾದ ಸ್ವೀಕರಿಸಿ ಹಿಂತಿರುಗುವಾಗ ಟೀಚರ್ ಅವರ ಬೆಂಚು ದಾಟುವವರೆಗೂ ತಲೆ ತಗ್ಗಿಸಿಯೇ ನಡೆಯುತ್ತಿದ್ದೆ. ನೋಡಿದವರು ಭಕ್ತಿ ಎಂದುಕೊಂಡರು. ನಿಜ ಹೇಳಬೇಕೆಂದರೆ ನನಗೆ ದುಃಖವಾಗುತ್ತಿತ್ತು. ಎಲ್ಲರೂ ಹಾಡುವಾಗ ಬಾಯಿ ಮುಚ್ಚಿಕೊಂಡು ಕೂರುವುದು ಕಷ್ಟ. ಹಾಡೆಂದರೆ ನನಗೆ ಪ್ರಾಣ, ಹಾಡಿಗೆ ನಾನು ಹೇಗೇ ಇರಲಿ.

ಅಕ್ಟೋಬರ್ ಬಂತು. ನಮಗದು ಜಪಸರದ ತಿಂಗಳು. ಮಾತೆ ಮರಿಯಳ ಪುಟ್ಟ ಪ್ರತಿಮೆ ದಿನಕ್ಕೊಂದು ಮನೆಯಂತೆ ಬಡಾವಣೆಯ ಕ್ರೈಸ್ತರ ಮನೆಗಳನ್ನು ಸುತ್ತುತ್ತದೆ. ಸಂಜೆ ಎಲ್ಲರೂ ಸೇರಿ ಮಣಿ ಎಣಿಸುತ್ತ ಪ್ರಾರ್ಥಿಸಿ, ಕೊನೆಗೊಂದು ಹಾಡು ಹೇಳಿದ ಮೇಲೆ ಮರುದಿನದ ಮನೆಯವರು ಪ್ರತಿಮೆಯನ್ನು ಎತ್ತಿಕೊಂಡು ಹೋಗಬೇಕು. ನಮ್ಮ ಮನೆಯ ನಂತರದ ಸರದಿ ಟೀಚರ್ ಅವರದು. ಮತ್ತು ನಮ್ಮ ಸರದಿ ಬಂದದ್ದು ವಿಜಯದಶಮಿಯ ದಿನ.

ಆ ದಿನ ಮೈಸೂರಿನಲ್ಲಿ ಯಾರು ತಾನೇ ಯಾರ ಮನೆಗೆ ಹೊತ್ತಿಗೆ ಸರಿಯಾಗಿ ಬಂದಾರು? ಜಂಬೂಸವಾರಿಗೆ ಹೋದವರು ಬ್ಯಾರಿಕೇಡಿನ ಆಚೆ ಸಿಕ್ಕಿಕೊಂಡಿದ್ದರು. ಪಂಜಿನ ಕವಾಯತಿಗೆ ಪಾಸು ಸಿಕ್ಕಿದವರು ಅತ್ತ ಹೋಗಿದ್ದರು. ನೆಂಟರನ್ನು ಕರೆದುಕೊಂಡು ಹೋಗಿದ್ದ ನನ್ನ ಹೆಂಡತಿ ಫೋನ್ ಮಾಡಿ, "ಒಂದು ಆಟೋನೂ ಸಿಗ್ತಿಲ್ಲ ಕಣ್ರೀ, ನೀವೇ ಶುರು ಮಾಡ್ಬುಡಿ" ಎಂದಳು. ಆಗ ಗೇಟು ಸದ್ದಾಯಿತು. ಟೀಚರ್, ಒಬ್ಬರೇ. ಪ್ರತಿಮೆ ಒಯ್ಯಬೇಕಲ್ಲ, ಅವರಿಗೂ ಬೇರೆ ದಾರಿಯಿರಲಿಲ್ಲ.

ಜಪಸರದಲ್ಲಿ ಒಂದು ಏರ್ಪಾಟಿದೆ. ಒಬ್ಬರು ಪ್ರಾರ್ಥನೆಯ ಮೊದಲರ್ಧ ಹೇಳಿದರೆ ಮಿಕ್ಕವರು ಉಳಿದರ್ಧ ಹೇಳಿ ಮುಗಿಸಬೇಕು. ವರ್ಷವಿಡೀ ಮಾತಾಡದ ಇಬ್ಬರು ಎದುರುಬದುರು ಕೂತು ಒಬ್ಬರ ಮಾತನ್ನು ಇನ್ನೊಬ್ಬರು ಪೂರ್ತಿ ಮಾಡತೊಡಗಿದೆವು. ಮೊದಲ ಹತ್ತು ಮಣಿ ನಾನು ನಡೆಸಿದೆ. ಪ್ರತಿ ಹತ್ತಕ್ಕೂ ಮೊದಲು ಪರಲೋಕದ ತಂದೆಗೆ ಹೇಳುವ ಪ್ರಾರ್ಥನೆಯಲ್ಲಿ ಕ್ಷಮೆ ಕೇಳುವ ಸಾಲಿರುವುದು ಎರಡನೆಯ ಅರ್ಧದಲ್ಲಿ. ಅದು ಟೀಚರ್ ಪಾಲಿಗೆ ಬಂತು. ಕೇಳಲಿ, ಚೆನ್ನಾಗಿ ಕೇಳಲಿ ಎಂದು ನಾನು ಕಣ್ಣು ಮುಚ್ಚಿ ತೃಪ್ತಿಯಿಂದ ಆಲಿಸಿದೆ. ಮುಂದಿನ ಹತ್ತು ಮಣಿ ಅವರು ನಡೆಸಿದರು. ಈಗ, ತಪ್ಪು ಮಾಡಿದವರನ್ನು ನಾವು ಕ್ಷಮಿಸುವ ಹಾಗೆಯೇ ನಮ್ಮನ್ನೂ ಕ್ಷಮಿಸು ಎನ್ನುವ ಸರದಿ ನನ್ನದು. ದಿನವೂ ತಾನಾಗಿ ಹೊರಡುವ ಸಾಲು ಅಂದು ಹೊರಡಲಿಲ್ಲ. ನಾನು ಟೀಚರನ್ನು ಕ್ಷಮಿಸಿದ ಅಳತೆಯಲ್ಲೇ ದೇವರು ನನ್ನನ್ನು ಕ್ಷಮಿಸಿಬಿಟ್ಟರೆ ನನ್ನ ಗತಿಯೇನು? ಟೀಚರ್ ಮಣಿ ಹಿಡಿದುಕೊಂಡು ಕಾದರು. ನಾನು ಮೆಲ್ಲಗೆ ಹೇಳಿ ಮುಗಿಸಿದೆ.

ಕೊನೆಗೆ ಹಾಡು. ಟೀಚರ್ ಶುರು ಮಾಡಿದರು. ನಾನು ಶಿಸ್ತಾಗಿ ಬಾಯಿ ಆಡಿಸಿದೆ. ಎರಡು ಸಾಲಿಗೇ ಅವರು ನಿಲ್ಲಿಸಿದರು.

"ಯಾಕ್ರೀ ಅಂತೋಣಿಯವರೇ, ದನೀನೇ ಬರ್ತಿಲ್ಲ?"

"ನೀವೇ ಹೇಳಿದ್ರಲ್ಲ ಟೀಚರ್, ಬಾಯಿ ಆಡಿಸಿ ಸಾಕು ಅಂತ."

ಮರೆತಿರುತ್ತಾರೆ ಎಂದುಕೊಂಡಿದ್ದೆ. ಮರೆತಿರಲಿಲ್ಲ. ಅವರ ಮುಖ ಸಣ್ಣಗಾಯಿತು.

"ಅಷ್ಟು ಜನರ ಮುಂದೆ ಹಾಗನ್ನಬಾರದಿತ್ತು, ತಪ್ಪಾಯ್ತು. ಹೇಳೋಣ ಅಂದ್ರೆ ನೀವು ಆಚೆಗೇ ಬರ್ತಿರಲಿಲ್ಲ. ಇವತ್ತು ಸಿಗ್ತಾರೆ, ನಾಳೆ ಸಿಗ್ತಾರೆ ಅಂತ ಗೇಟ್ ಹತ್ರ ನೀರು ಹಾಕ್ತಾ ನಿಂತೂ ನಿಂತೂ ನನ್ನ ಗುಲಾಬಿ ಗಿಡ ಬೇರು ಕೊಳೆತು ಸತ್ತೇ ಹೋಯ್ತು ಕಣ್ರೀ."

ಪರದೆಯ ಹಿಂದೆ ನಾನು, ಗೇಟಿನ ಮುಂದೆ ಅವರು, ನಡುವೆ ಆ ಬಡಪಾಯಿ ಗಿಡ. ಕಣ್ಣು ತುಂಬಿ ಬಂತು.

"ಈಗ ಹಾಡಿ. ಒಬ್ಬಳೇ ಹಾಡಿದ್ರೆ ಚೆನ್ನಾಗಿರಲ್ಲ" ಎಂದರು. ಹಾಡಿದೆ. ಮಾತೆ ಮರಿಯ ಅಲುಗಾಡದೆ ಕೇಳಿಸಿಕೊಂಡಳು.

ಟೀಚರ್ ಪ್ರತಿಮೆ ಎತ್ತಿಕೊಂಡರು, ನಾನು ಮೇಣದಬತ್ತಿ ಹಿಡಿದು ರಸ್ತೆ ದಾಟಿಸಲು ಹೊರಟೆ. ಅವರ ಗೇಟಿನ ಬಳಿ, "ಮುಂದಿನ ತಿಂಗಳು ಪ್ರಾಕ್ಟೀಸು ಶುರು. ನೀವೂ ಬಂದ್ಬುಡಿ" ಎಂದರು.

"ಹಾಡೋಕಾ ಟೀಚರ್?"

ಅವರು ನನ್ನನ್ನು ನೋಡಿದರು, ಕೈಯಲ್ಲಿದ್ದ ಪ್ರತಿಮೆಯನ್ನು ನೋಡಿದರು. ದೇವಮಾತೆಯನ್ನು ಹಿಡಿದುಕೊಂಡು ಸುಳ್ಳು ಹೇಳುವುದು ಹೇಗೆ?

"ಬಾಯಿ ಆಡಿಸೋಕೆ" ಎಂದರು.

ನಾನು ನಕ್ಕ ರಭಸಕ್ಕೆ ಮೇಣದಬತ್ತಿ ಆರಿಹೋಯಿತು. ಅದೇ ಮಾತು, ಆಡಿದವರೂ ಅವರೇ. ವರ್ಷವಿಡೀ ಇದ್ದ ಕಹಿ ಹಾಗಾದರೆ ಎಲ್ಲಿತ್ತು ಎಂದು ಈಗಲೂ ಹುಡುಕುತ್ತಿದ್ದೇನೆ. ಡಿಸೆಂಬರಿನಲ್ಲಿ ನಮ್ಮ ಚರ್ಚಿಗೆ ಬಂದರೆ, ಹಿಂದಿನ ಸಾಲಿನಲ್ಲಿ ಎಲ್ಲರಿಗಿಂತ ಅಗಲವಾಗಿ ಬಾಯಿ ತೆರೆಯುವವನು ನಾನೇ. ಅಪ್ಪಿತಪ್ಪಿ ದನಿ ಹೊರಬಂದರೆ, ನಿಮ್ಮಿಂದ ಸಾಧ್ಯವಾದಷ್ಟು ಕ್ಷಮಿಸಿ.