ವಸ್ತಿ ಬಸ್ಸಿಗೂ ವಶೀಲಿ

ಬೆಂಗಳೂರಿನ ರಸೆಲ್ ಮಾರುಕಟ್ಟೆಯಲ್ಲಿ ದಾಳಿಂಬೆ ಮಾರುವವರೊಬ್ಬರು ನಮ್ಮೂರಿಗೆ ಬಸ್ಸು ತರಿಸಿಕೊಟ್ಟರು. ಕೇಳಿದವರೆಲ್ಲ ಭೇಷ್ ಎನ್ನುತ್ತಾರೆ. ನನಗೆ ಮಾತ್ರ ನೆನೆದಾಗಲೆಲ್ಲ ಮೈ ಉರಿಯುತ್ತದೆ.

ತುಂಗಭದ್ರೆಯ ಆಚೆಗಿರುವ ನಮ್ಮೂರಿಗೆ ಮೊದಲು ವಸ್ತಿ ಬಸ್ಸಿತ್ತು. ರಾತ್ರಿ ಬಂದು ಊರಲ್ಲೇ ತಂಗಿ, ಬೆಳಿಗ್ಗೆ ಹೈಸ್ಕೂಲಿನ ಮಕ್ಕಳನ್ನು ತುಂಬಿಕೊಂಡು ತಾಲ್ಲೂಕಿಗೆ ಹೊರಡುತ್ತಿತ್ತು. ಅದನ್ನು ನಿಲ್ಲಿಸಿಬಿಟ್ಟರು. ಊರವರು ಡಿಪೋಗೆ ಅಲೆದು ಚಪ್ಪಲಿ ಸವೆಸಿದ್ದೇ ಬಂತು. ಮಕ್ಕಳು ಕತ್ತಲಿರುವಾಗಲೇ ಮುಖ್ಯರಸ್ತೆಯ ತನಕ ನಡೆಯಬೇಕಾಯಿತು. ದಸರಾ ರಜೆಯೊಳಗೆ ಬಸ್ಸು ಬರದಿದ್ದರೆ ಒಂಬತ್ತನೇ ತರಗತಿಯ ಮಗಳನ್ನು ಶಾಲೆ ಬಿಡಿಸುತ್ತೇನೆಂದು ಅಣ್ಣ ಫೋನಿನಲ್ಲಿ ಖಡಾಖಂಡಿತವಾಗಿ ಹೇಳಿದ.

ಬೈಯಪ್ಪನಹಳ್ಳಿಯ ನನ್ನ ಬಾಡಿಗೆ ಕೋಣೆಯಲ್ಲಿ ಭಾನುವಾರ ನಾವು ಊರಿನವರು ಸೇರುತ್ತೇವೆ. ಊರಿಗೆ ಹೋಗಿಬಂದವರು ಖಡಕ್ ರೊಟ್ಟಿ, ಶೇಂಗಾ ಚಟ್ನಿ ತರಲೇಬೇಕು, ಅದು ನಮ್ಮ ಕಾಯಿದೆ. ಆ ವಾರ ರೊಟ್ಟಿ ಮುರಿಯುತ್ತ ಯಾರಿಗೆ ಯಾರು ಗೊತ್ತು ಎಂದು ಜಾಲಾಡಿದೆವು. ಹಾಗೆ ನೆನಪಾದವರೇ ಈ ದಾಳಿಂಬೆ ವ್ಯಾಪಾರಿ. ನಮ್ಮ ಕಡೆಯ ತೋಟಗಳ ಹಣ್ಣೇ ಅವರ ಅಂಗಡಿಗೆ ಬರುವುದು. ಮರುದಿನವೇ ಹೋದೆ.

"ನಮ್ ಬೀವಿ ತಮ್ಮ ಆ ಡಿಪೋದಲ್ಲೇ ಇದಾನೆ ಭಾಯ್. ಮಕ್ಕಳ ಓದು ಅಲ್ವಾ? ಇವತ್ತೇ ಮಾತಾಡ್ತೀನಿ, ಟೆನ್ಷನ್ ಮಾಡ್ಕೋಬೇಡಿ" ಎಂದರು.

ವಾರದೊಳಗೆ ಬಸ್ಸು ಬಂತು! ಊರಿಗೆ ಊರೇ ಹೋಗಿ ಕೇಳಿದರೂ ಜಪ್ಪಯ್ಯ ಎನ್ನದ ಡಿಪೋ ಒಂದು ಫೋನಿಗೆ ಎದ್ದು ಓಡಿತ್ತು. ಆ ವ್ಯಾಪಾರಿಗೆ ನಾನು ಕೈಮುಗಿಯುತ್ತೇನೆ. ಆದರೆ ಹಳ್ಳಿಯ ಹುಡುಗಿಯೊಬ್ಬಳು ಶಾಲೆಗೆ ಹೋಗಬೇಕಾದರೆ ಹಣ್ಣಿನಂಗಡಿಯವರ ಭಾವಮೈದುನ ಬೇಕೆ? ಗರುಡಾಚಾರ್‌ಪಾಳ್ಯದ ನಮ್ಮ ಆಫೀಸಿನಲ್ಲಿ ಗೆಳೆಯನೊಬ್ಬ, "ನೆಟ್‌ವರ್ಕ್ ಅಂದ್ರೆ ಇದು ಮಗಾ! ಹಳ್ಳಿಗಳು ಹಿಂಗೇ ಡೆವಲಪ್ ಆಗ್ಬೇಕು" ಎಂದು ಬೆನ್ನು ತಟ್ಟಿದ. ಸಿಟ್ಟು ನೆತ್ತಿಗೇರಿತು. ಟೀ ಅರ್ಧಕ್ಕೇ ಬಿಟ್ಟು ಎದ್ದು ಬಂದೆ.

ಆ ಸಂಜೆ ಅಣ್ಣನ ಮಗಳು ಫೋನ್ ಮಾಡಿದಳು. ತನ್ನ ಓದು ಉಳಿಯಿತೆಂಬ ಖುಷಿ ದನಿಯಲ್ಲಿ ಇರಲಿಲ್ಲ. ನಮ್ಮೂರಿನಾಚೆ ಒಂದು ಲಂಬಾಣಿ ತಾಂಡಾ ಇದೆ. ತರಗತಿಯಲ್ಲಿ ಅವಳ ಪಕ್ಕ ಕೂರುವ ಹುಡುಗಿ ಅಲ್ಲಿಯವಳು. ಮೊದಲಿನ ಬಸ್ಸು ಅಲ್ಲಿಗೂ ಹೋಗುತ್ತಿತ್ತು, ಈಗಿನದು ನಮ್ಮೂರಿಂದಲೇ ಹಿಂತಿರುಗುತ್ತದೆ.

"ಆಕಿನ್ನ ಸಾಲಿ ಬಿಡ್ಸ್ಯಾರ ಕಾಕಾ. ಕಂಡಕ್ಟರ್‌ಗ ಕೇಳಿದ್ರ, ನಿಮ್ಮೂರ ತನಕ ಅಷ್ಟ ಹೇಳ್ಯಾರ ಅಂತಾನ" ಎಂದಳು. ಆಮೇಲೆ ಮೆಲ್ಲಗೆ ಕೇಳಿದಳು: "ತಾಂಡಾದವ್ರಿಗೆ ಬೆಂಗಳೂರಾಗ ಯಾರೂ ಇಲ್ಲೇನು?"